ಕೋವಿಯ ನಳಿಗೆಯನ್ನು ಲೆಕ್ಕಕ್ಕೆ ತಂದ ಬೆಂಜಮಿನ್ ರಾಬಿನ್ಸ್

ಚೆನ್ನೈಯಿಂದ ದಕ್ಷಿಣಕ್ಕೆ, ಕಡಲೂರಿನ ಸಮುದ್ರತೀರದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೇಂಟ್ ಡೇವಿಡ್ ಕೋಟೆ ಇದ್ದಿತು. ಅಲ್ಲಿ 1751ರ ಜುಲೈ 29ರಂದು ಜ್ವರದಿಂದ ಮಡಿದ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸನ ಕಥೆಯನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಬಯಕೆ. ಕೋವಿಯ ನಳಿಗೆ ಉದ್ದವಾದಷ್ಟೂ ಗುಂಡು ವೇಗವಾಗಿ ಹೋಗುವುದೆಂದು ಸಿಪಾಯಿಗಳೆಲ್ಲ ಬಲ್ಲರು. ಎಷ್ಟು ವೇಗ, ಎಲ್ಲಿಯವರೆಗೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವನು ಈತನು.

ರಾಬಿನ್ಸನು 1707ರಲ್ಲಿ ಬಾತ್ ನಗರದ ಬಡ ಕ್ವೇಕರ್ ಮನೆತನದಲ್ಲಿ ಹುಟ್ಟಿದನು. ಯುದ್ಧಕ್ಕಾಗಿ ಆಯುಧ ಹಿಡಿಯುವುದು ತಪ್ಪೆಂದು ನಂಬಿದ ಪಂಥವದು. ಅಂಥವರ ಮಗನು ಕೋವಿಯ ಶಾಸ್ತ್ರ ಬರೆದದ್ದು ವಿಚಿತ್ರವೇ ಸರಿ. ಆತನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ತಾನೇ ಓದಿ ಕಲಿತು, ಲಂಡನ್ನಿಗೆ ಬಂದು, ಗಣಿತ ಪಾಠ ಹೇಳಿ ಜೀವಿಸಿದನು. 1727ರಲ್ಲಿ, ಇಪ್ಪತ್ತರ ಹರೆಯದಲ್ಲಿಯೇ, ರಾಯಲ್ ಸೊಸೈಟಿಯ ಸದಸ್ಯನಾದನು.

ವುಲ್‌ವಿಚ್‌ನಲ್ಲಿ 1741ರಲ್ಲಿ ಸೈನಿಕ ವಿದ್ಯಾಲಯವು ತೆರೆದಾಗ ಅಲ್ಲಿಯ ಗಣಿತಾಧ್ಯಾಪಕನ ಹುದ್ದೆಯನ್ನು ಆತನು ಬಯಸಿದ್ದನು. ಅದು ಬೇರೊಬ್ಬರ ಪಾಲಾಯಿತು. ಆ ಪಾಠಗಳಿಗಾಗಿ ಸಿದ್ಧಪಡಿಸಿದ ವಿಷಯವೇ 1742ರಲ್ಲಿ ತೋಪುವಿದ್ಯೆಯ ಹೊಸ ತತ್ತ್ವಗಳೆಂಬ ಗ್ರಂಥವಾಯಿತು.

ಕಣ್ಣಿಗೆ ಕಾಣದ ಗುಂಡಿನ ವೇಗವನ್ನು ಅಳೆಯುವುದು ಹೇಗೆ? ರಾಬಿನ್ಸನು ಭಾರವಾದ ಮರದ ದಿಮ್ಮಿಯೊಂದನ್ನು ಲೋಲಕದಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆದನು. ದಿಮ್ಮಿ ಹಿಂದಕ್ಕೆ ತೂಗಿದಾಗ ಅದಕ್ಕೆ ಕಟ್ಟಿದ್ದ ಪಟ್ಟಿಯು ಎಷ್ಟು ಹೊರಕ್ಕೆ ಎಳೆಯಲ್ಪಟ್ಟಿತೆಂದು ನೋಡಿದನು. ಎರಡರ ತೂಕ ಗೊತ್ತಿದ್ದುದರಿಂದ ಗುಂಡಿನ ವೇಗವು ಗಣಿತದಿಂದ ದೊರೆಯಿತು. 45 ಅಂಗುಲದ ನಳಿಗೆಯಿಂದ ಹೊರಟ ಮುಕ್ಕಾಲು ಅಂಗುಲದ ಸೀಸದ ಗುಂಡು ಸೆಕೆಂಡಿಗೆ ಸುಮಾರು 1670 ಅಡಿ ಓಡುತ್ತಿತ್ತು.

ಇನ್ನು ನಳಿಗೆಯ ಮಾತು. ಇಡ್ಲಿಪಾತ್ರೆಯ ಮುಚ್ಚಳವನ್ನು ಎತ್ತುವ ಆವಿಯನ್ನು ನಮ್ಮ ಹೋಟೆಲಿನ ಬಂಧುಗಳು ದಿನವೂ ಕಾಣುತ್ತಾರೆ; ಉರಿದ ಮದ್ದಿನ ಅನಿಲವೂ ಹಾಗೆಯೇ ಗುಂಡನ್ನು ತಳ್ಳುತ್ತದೆ. ಆದರೆ ಗುಂಡು ಮುಂದೆ ಸರಿದಂತೆ ಅನಿಲಕ್ಕೆ ಸ್ಥಳ ಹೆಚ್ಚುತ್ತದೆ. ಸ್ಥಳ ಇಮ್ಮಡಿಯಾದರೆ ಒತ್ತಡ ಅರ್ಧಕ್ಕಿಳಿಯುತ್ತದೆಂದು ಆತನು ಹಿಡಿದನು. ಆದ್ದರಿಂದ ಮೊದಲ ಕೆಲವು ಅಂಗುಲಗಳಲ್ಲಿಯೇ ಹೆಚ್ಚಿನ ನೂಕು; ಕೊನೆಯ ಅಂಗುಲಗಳ ಕಾಣಿಕೆ ಅಲ್ಪ. ಆತನ ಸೂತ್ರದಂತೆ ನಾವು ಲೆಕ್ಕ ಮಾಡಿ ನೋಡಿದೆವು: ಅದೇ ಮದ್ದಿಗೆ ನಳಿಗೆಯನ್ನು ಅರ್ಧಕ್ಕೆ ಕತ್ತರಿಸಿದರೂ ವೇಗವು ಸುಮಾರು 1450 ಅಡಿಗಷ್ಟೇ ಇಳಿಯುತ್ತದೆ; ಎರಡರಷ್ಟು ಮಾಡಿದರೆ ಸುಮಾರು 1860 ಅಡಿಗಷ್ಟೇ ಏರುತ್ತದೆ. ಹೊರುವ ಸಿಪಾಯಿಯ ಹೆಗಲಿಗೆ ಇದರ ಅರ್ಥ ತಿಳಿಯುತ್ತದೆ!

ಗುಂಡು ಕದಲುವ ಮುನ್ನವೇ ಮದ್ದೆಲ್ಲ ಉರಿದುಬಿಡುವುದೆಂದು ರಾಬಿನ್ಸನು ಭಾವಿಸಿದ್ದು ಪೂರ್ಣ ಸರಿಯಲ್ಲ. ನಳಿಗೆಯ ಉಜ್ಜಾಟವನ್ನೂ ಆತನು ಬಿಟ್ಟಿದ್ದನು. ಮದ್ದು ಸ್ವಲ್ಪವೇ ಇರುವ ಇಂದಿನ ಪಾಯಿಂಟ್ 22 ರೈಫಲಿನಲ್ಲಿ 16–18 ಅಂಗುಲಗಳಾಚೆ ನಳಿಗೆಯನ್ನು ಬೆಳೆಸಿದರೆ ಲಾಭವೇ ಇಲ್ಲ, ಉಜ್ಜಾಟದಿಂದ ವೇಗ ಕುಗ್ಗುವುದೂ ಉಂಟು. ಆದರೂ ಆತನು ಹಾಕಿದ ಬುನಾದಿ ಅಲುಗಲಿಲ್ಲ. ಹಿಂದೊಮ್ಮೆ ಇದೇ ರಾಬಿನ್ಸನಿಂದ ಕಟುಟೀಕೆಗೆ ಗುರಿಯಾಗಿದ್ದ ಮಹಾಗಣಿತಜ್ಞ ಆಯ್ಲರನು 1745ರಲ್ಲಿ ಆ ಗ್ರಂಥವನ್ನು ಜರ್ಮನ್ ಭಾಷೆಗೆ ತಿರುಗಿಸಿ ದೀರ್ಘ ಟಿಪ್ಪಣಿಗಳನ್ನು ಬರೆದನು. ಇದು ದೊಡ್ಡತನವೆಂದು ನಾವು ಎಣಿಸುತ್ತೇವೆ. 1746ರ ಕಾಪ್ಲಿ ಪದಕವು ರಾಬಿನ್ಸನಿಗೆ ಸಂದಿತು. ಮರುವರ್ಷ ಆತನು ಸುರುಳಿಗೆರೆ ಕೊರೆದ ನಳಿಗೆಯ ಮರ್ಮವನ್ನು ವಿವರಿಸಿ, ಅದನ್ನು ಮೊದಲು ಕೈವಶಮಾಡಿಕೊಂಡ ರಾಷ್ಟ್ರದ ಸೈನ್ಯವೇ ಮೇಲುಗೈ ಪಡೆಯುವುದೆಂದು ಮುನ್ನುಡಿದನು. ಮುಂದಿನ ಶತಮಾನದ ಯುದ್ಧಗಳು ಅದನ್ನು ದೃಢಪಡಿಸಿದವು.

ಫ್ರೆಂಚರು 1746ರಲ್ಲಿ ಮದರಾಸನ್ನು ಹಿಡಿದು 1749ರಲ್ಲಿ ಮರಳಿಸಿದ ತರುವಾಯ ಕಂಪೆನಿಗೆ ಕೋಟೆಗಳ ಚಿಂತೆ ಹತ್ತಿತು. ಆಗ ರಾಬಿನ್ಸನನ್ನು ಮುಖ್ಯ ಎಂಜಿನಿಯರನಾಗಿ ನೇಮಿಸಿದರು. 1750ರ ಜುಲೈಯಲ್ಲಿ ಆತನು ಸೇಂಟ್ ಡೇವಿಡ್ ಕೋಟೆಗೆ ಬಂದು, ಅದರ ಮತ್ತು ಮದರಾಸು ಕೋಟೆಯ ನಕ್ಷೆಗಳನ್ನು ಬರೆಯತೊಡಗಿದನು. ಇಲ್ಲಿಯ ಹವೆ ಒಗ್ಗಲಿಲ್ಲ. ಒಂದೇ ವರ್ಷದಲ್ಲಿ ಕೆಲಸ ಅರ್ಧಕ್ಕೆ ನಿಂತಿತು. ಚದುರಿದ್ದ ಆತನ ಬರಹಗಳನ್ನು ಸ್ನೇಹಿತ ಜೇಮ್ಸ್ ವಿಲ್ಸನನು 1761ರಲ್ಲಿ ಎರಡು ಸಂಪುಟಗಳಾಗಿ ಅಚ್ಚುಹಾಕಿಸಿದನು.