ಹಗುರ ಹೊರೆಯ ಲೋಕಸಂಚಾರಿ

ನಾಲ್ಕು ದಿನದ ಪ್ರವಾಸಕ್ಕೆ ನಾಲ್ಕು ಗಂಟು ಕಟ್ಟುವವರು ನಾವು. ಹೋದ ಊರಿನಲ್ಲಿ ಸಿಗುವ ವಸ್ತುವನ್ನೂ ಇಲ್ಲಿಂದಲೇ ಹೊತ್ತು, ಬಿಚ್ಚದೆಯೇ ಹಿಂದಕ್ಕೆ ತರುತ್ತೇವೆ. ಒಂದೇ ಒಂದು ಕೈಚೀಲದೊಡನೆ ಬೈಸಿಕಲ್ಲಿನ ಮೇಲೆ ಲೋಕವನ್ನು ಸುತ್ತಿದ ಥಾಮಸ್ ಸ್ಟೀವನ್ಸನ ಜೀವನವನ್ನು ನಾವು ಅರಿಯುವುದು ಒಳ್ಳೆಯದು.

ಸ್ಟೀವನ್ಸನು 1854ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದನು. ಎಳೆಯ ವಯಸ್ಸಿನಲ್ಲಿ ಅಮೇರಿಕಕ್ಕೆ ಹೋಗಿ ಮೈಮುರಿದು ದುಡಿದನು. ಕೊಲರಾಡೊ ಪ್ರಾಂತದ ಗಣಿಯೊಂದರಲ್ಲಿದ್ದಾಗ, ಆ ವಿಶಾಲ ದೇಶವನ್ನು ಬೈಸಿಕಲ್ಲಿನ ಮೇಲೆ ದಾಟಬೇಕೆಂಬ ಹಂಬಲ ಅವನಲ್ಲಿ ಮೂಡಿತು. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಹೊರಟನು.

ಅಂದಿನ ಬೈಸಿಕಲ್ಲು ಇಂದಿನಂಥದಲ್ಲ. ಮುಂದಿನ ಚಕ್ರ 50 ಅಂಗುಲ. ಹಿಂದಿನದು ತೀರ ಚಿಕ್ಕದು. ಸರಪಳಿಯಿಲ್ಲ, ಗಾಳಿ ತುಂಬಿದ ಟೈರಿಲ್ಲ. ಚಕ್ರಕ್ಕೆ ಕಲ್ಲು ಅಡ್ಡವಾದರೆ ಸವಾರನು ತಲೆಕೆಳಗಾಗಿ ಬೀಳಬೇಕು. ಇಂಥ ವಾಹನಕ್ಕೆ ಹೊರೆ ಕಟ್ಟುವುದೆಲ್ಲಿ? ಹಿಡಿಕೆಗೆ ಬಿಗಿದ ಚೀಲದಲ್ಲಿ ಅವನು ಇಟ್ಟುಕೊಂಡದ್ದು ಕಾಲುಚೀಲ, ಒಂದು ಷರಟು, ಒಂದು ಮಳೆಯಂಗಿ, ಒಂದು ಕೈಪಿಸ್ತೂಲು ಇಷ್ಟೆ. ಆ ಮಳೆಯಂಗಿಯೇ ರಾತ್ರಿಗೆ ಡೇರೆ, ಅದೇ ಹಾಸಿಗೆ. ಒಂದು ವಸ್ತುವಿನಿಂದ ಮೂರು ಕೆಲಸ!

ಹಾದಿಯಿಲ್ಲದ ಕಡೆ ಬೈಸಿಕಲ್ಲನ್ನು ತಳ್ಳಿಕೊಂಡು ನಡೆದನು. ಸುಮಾರು 3,700 ಮೈಲಿ ಕ್ರಮಿಸಿ ಆಗಸ್ಟ್ 4ರಂದು ಬಾಸ್ಟನ್ ಸೇರಿದನು. ಮರುವರ್ಷ ಒಂದು ಪತ್ರಿಕೆಯ ಬಾತ್ಮೀದಾರನಾಗಿ ಇಂಗ್ಲೆಂಡಿನ ಲಿವರ್‌ಪೂಲಿನಿಂದ ಹೊರಟು, ಯೂರೋಪು, ತುರ್ಕಿಗಳನ್ನು ದಾಟಿ ಪರ್ಷಿಯದ ತೆಹರಾನಿನಲ್ಲಿ ಚಳಿಗಾಲ ಕಳೆದನು. 1886ರಲ್ಲಿ ಆಫ್ಘಾನಿಸ್ಥಾನದಲ್ಲಿ ಅಧಿಕಾರಿಗಳು ಅವನನ್ನು ತಡೆದು ಹಿಂದಕ್ಕೆ ಕಳುಹಿಸಿದರು. ಅವನು ಎದೆಗುಂದಲಿಲ್ಲ; ಸುತ್ತಿ ಬಳಸಿ ಹಡಗಿನಲ್ಲಿ ಅಂದಿನ ಭಾರತಕ್ಕೆ ಬಂದು, ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸವಾರಿ ಮಾಡಿದನು. ಆ ರಸ್ತೆಯ ನುಣುಪು ಅವನಿಗೆ ಬಹಳ ಮೆಚ್ಚಿಗೆಯಾಯಿತು. ಚೀನದಲ್ಲಿ ಮಾತ್ರ ಪರದೇಶಿಯರ ಮೇಲೆ ಕೆರಳಿದ್ದ ಜನರ ಕಲ್ಲೇಟಿಗೆ ಸಿಕ್ಕಿದನು. ಅಲ್ಲಿಯ ಅಧಿಕಾರಿಗಳೇ ಅವನ ಜೀವ ಉಳಿಸಿ ದೋಣಿಯಲ್ಲಿ ಮುಂದಕ್ಕೆ ಸಾಗಿಸಿದರು. 1886ರ ಡಿಸೆಂಬರ್ 17ರಂದು ಜಪಾನಿನ ಯೊಕೊಹಾಮದಲ್ಲಿ ಯಾತ್ರೆ ಮುಗಿಯಿತು. ಬೈಸಿಕಲ್ಲಿನ ದಾರಿ ಒಟ್ಟು 13,500 ಮೈಲಿಯಷ್ಟು. ಹೀಗೆ ಲೋಕ ಸುತ್ತಿದವರಲ್ಲಿ ಅವನೇ ಮೊದಲಿಗನು. ಯಾತ್ರೆಯ ಕಥೆಯನ್ನು ಎರಡು ಸಂಪುಟಗಳಲ್ಲಿ ಬರೆದನು. 1935ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು.

ಅವನ ಚೀಲದಲ್ಲಿ ಅನ್ನವಿರಲಿಲ್ಲ, ಹೊದಿಕೆಯಿರಲಿಲ್ಲ. ಹಾಗಾದರೆ ಅವನನ್ನು ಸಾಕಿದವರು ಯಾರು? ಭಾಷೆ ತಿಳಿಯದ ಹಳ್ಳಿಗರು, ದಾರಿಯ ಛತ್ರಗಳು. ಹೊರೆ ಹಗುರವಾದಷ್ಟೂ ಪರರ ಋಣ ಭಾರವಾಗುತ್ತದೆ. ಪಿಸ್ತೂಲನ್ನು ಇಟ್ಟುಕೊಂಡು ಹೊರಟವನನ್ನು ಕೊನೆಗೆ ಕಾಪಾಡಿದ್ದು ಪಿಸ್ತೂಲಲ್ಲ, ಮನುಷ್ಯರ ಕರುಣೆ. ಬಾಳಿನ ದೂರದ ದಾರಿಗೆ ಕಾಲಿಡುತ್ತಿರುವ ವಿದ್ಯಾರ್ಥಿಮಿತ್ರರು ಗಂಟು ಕಟ್ಟುವ ಮೊದಲು ಇದನ್ನೊಮ್ಮೆ ನೆನೆಯಲಿ.