ಹೆನ್ರಿಯೆಟಾ ಲ್ಯಾಕ್ಸ್: ಕೇಳದೆ ತೆಗೆದ ಜೀವಕೋಶಗಳು ಔಷಧಿ ಪರೀಕ್ಷೆಯ ದಾರಿ ಬದಲಿಸಿದ್ದು ಹೇಗೆ?

ನಂಜನಗೂಡಿನ ನಂಜುಂಡೇಶ್ವರನ ಹೆಸರಿನಲ್ಲೇ ಕಥೆಯಿದೆ: ಲೋಕ ಉಳಿಸಲು ನಂಜು ಉಂಡವನು. ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ಇಂದು ಮಾತ್ರೆಗಳಿಗೆ ಬೇಕಾದ ಮೂಲ ಔಷಧಿ ಪದಾರ್ಥಗಳು ತಯಾರಾಗುತ್ತವೆ. ಯಾವುದೇ ಹೊಸ ಔಷಧಿ ಅಂಗಡಿಗೆ ಬರುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಇದು ಮನುಷ್ಯನ ದೇಹಕ್ಕೆ ನಂಜಾಗುತ್ತದೆಯೇ? ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಜೀವಕೋಶಗಳ ಮೇಲೆ ನೋಡಲು ಸಾಧ್ಯವಾಗಿದ್ದರ ಹಿಂದೆ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬೆಳೆದ ಒಬ್ಬ ಹೆಣ್ಣುಮಗಳಿದ್ದಾರೆ.

ಯಾರು ಈ ಹೆನ್ರಿಯೆಟಾ?

1920ರ ಆಗಸ್ಟ್ 1ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ಬಡ ಕಪ್ಪು ಕುಟುಂಬವೊಂದರಲ್ಲಿ ಹೆನ್ರಿಯೆಟಾ ಹುಟ್ಟಿದರು. ಅವರಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಕ್ಲೋವರ್ ಎಂಬ ಹಳ್ಳಿಯಲ್ಲಿ ತಾತ ಸಾಕಿದರು. ಆ ಮನೆ ಹಿಂದೆ ಗುಲಾಮರನ್ನು ಇರಿಸುತ್ತಿದ್ದ ಮರದ ಮನೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯಂತೆ ಅಲ್ಲೂ ಹೊಗೆಸೊಪ್ಪಿನದೇ ಬೇಸಾಯ. 1941ರಲ್ಲಿ ಡೇವಿಡ್ ಲ್ಯಾಕ್ಸ್ ಅವರನ್ನು ಮದುವೆಯಾಗಿ, ಮುಂದೆ ಕೆಲಸ ಹುಡುಕಿಕೊಂಡು ಬಾಲ್ಟಿಮೋರ್ ನಗರದ ಬಳಿಗೆ ಬಂದರು. ಐವರು ಮಕ್ಕಳಾದರು.

1951ರ ಜನವರಿಯಲ್ಲಿ ರಕ್ತಸ್ರಾವವೆಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದರು. ಕಪ್ಪು ಜನರಿಗೆ ಅಲ್ಲಿ ಪ್ರತ್ಯೇಕ ವಾರ್ಡ್. ಪರೀಕ್ಷೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿಯಿತು. ರೇಡಿಯಂ ಚಿಕಿತ್ಸೆ ಕೊಡುವಾಗ ವೈದ್ಯರು ಗೆಡ್ಡೆಯಿಂದ ಒಂದು ಚೂರು ತೆಗೆದು ಜಾರ್ಜ್ ಗೇ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಕಳಿಸಿದರು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಆ ಕಾಲದಲ್ಲಿ ಕೇಳುವ ರೂಢಿಯೇ ಇರಲಿಲ್ಲ.

ಅಲ್ಲಿಯವರೆಗೆ ಹೊರಗೆ ಬೆಳೆಸಿದ ಮನುಷ್ಯ ಜೀವಕೋಶಗಳು ಬೇಗನೆ ಸಾಯುತ್ತಿದ್ದವು. ಇವು ಸಾಯಲಿಲ್ಲ, ಸುಮಾರು ದಿನಕ್ಕೊಮ್ಮೆ ಇಮ್ಮಡಿಯಾದವು. ಅವರ ಹೆಸರಿನ ಮೊದಲಕ್ಷರಗಳಿಂದ ಇವಕ್ಕೆ 'ಹೀಲಾ' ಎಂಬ ಹೆಸರಾಯಿತು. 1951ರ ಅಕ್ಟೋಬರ್ 4ರಂದು ಹೆನ್ರಿಯೆಟಾ ತೀರಿಕೊಂಡರು. ವಯಸ್ಸು ಬರೀ 31.

ಜೀವಕೋಶಗಳು ಮಾತ್ರ ದೇಶದೇಶಕ್ಕೆ ಹೋದವು. ಪೋಲಿಯೊ ಲಸಿಕೆಯ ಪರೀಕ್ಷೆಗೆ ನೆರವಾದವು. ಔಷಧಿ, ವಿಕಿರಣ, ವೈರಸ್‌ಗಳ ಪರಿಣಾಮ ತಿಳಿಯಲು ಬಳಕೆಯಾದವು. ಕಂಪನಿಗಳು ಅವನ್ನು ಮಾರಿದವು. ಮನೆಯವರಿಗೆ ವಿಷಯ ತಿಳಿದದ್ದು 20 ವರ್ಷಗಳ ಮೇಲೆ. ಅವರ ಸಮಾಧಿಗೆ ಕಲ್ಲು ನಿಂತದ್ದು 2010ರಲ್ಲಿ.

ಹೆನ್ರಿಯೆಟಾ ಸತ್ತಿಲ್ಲ ಎಂದು ಕೆಲವರು ಬರೆಯುವುದುಂಟು. ಅದು ತಪ್ಪು. ಬದುಕಿರುವುದು ಅವರ ಗೆಡ್ಡೆಯ ಜೀವಕೋಶಗಳ ಸಂತತಿ, ಅವರಲ್ಲ.

ಹೀಲಾದಿಂದ ಚಿಪ್‌ವರೆಗೆ

ಹೀಲಾ ಕ್ಯಾನ್ಸರ್ ಜೀವಕೋಶ. ಒಂದು ಔಷಧಿ ಲಿವರ್ ಅಥವಾ ಹೃದಯಕ್ಕೆ ಏನು ಮಾಡುತ್ತದೆ ಎಂದು ಅದು ಪೂರ್ತಿ ಹೇಳಲಾರದು. ಹಾಗಾಗಿ ಈಗ ದಾನಿಗಳ ಚರ್ಮ ಅಥವಾ ರಕ್ತದ ಜೀವಕೋಶಗಳನ್ನು ಕಾಂಡಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ಲಿವರ್, ಹೃದಯದ ಪುಟ್ಟ ಅಂಗಾಂಶಗಳನ್ನು ಬೆಳೆಸುತ್ತಾರೆ. ಅದರ ಪಕ್ಕದಲ್ಲೇ ಜೈವಿಕ ಸಂವೇದಕ, ಅಂದರೆ ಬಯೋಸೆನ್ಸರ್ ಇಡುತ್ತಾರೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಬಳಸುವ ಗ್ಲುಕೋಮೀಟರ್ ಕೂಡ ಒಂದು ಬಯೋಸೆನ್ಸರ್: ಪಟ್ಟಿಯ ಮೇಲಿನ ಕಿಣ್ವ ರಕ್ತದ ಸಕ್ಕರೆಯೊಂದಿಗೆ ವರ್ತಿಸಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಅದು ಅಳೆಯುತ್ತದೆ. ಚಿಪ್‌ನಲ್ಲಿ ಅಂಗಾಂಶ ಎಷ್ಟು ಆಮ್ಲಜನಕ, ಸಕ್ಕರೆ ಬಳಸಿತು, ಹೃದಯದ ಕೋಶಗಳ ಬಡಿತ ತಪ್ಪಿತೇ ಎಂಬುದು ಹೀಗೆಯೇ ಗೊತ್ತಾಗುತ್ತದೆ. ಕೋಶ ಸಾಯುವವರೆಗೆ ಕಾಯಬೇಕಿಲ್ಲ. ನಂಜೇರುತ್ತಿರುವಾಗಲೇ ತಿಳಿಯುತ್ತದೆ.

ಭಾರತವೂ 2023ರಲ್ಲಿ ನಿಯಮ ತಿದ್ದಿ, ಹೊಸ ಔಷಧಿಗಳ ಪರೀಕ್ಷೆಯಲ್ಲಿ ಇಂಥ ವಿಧಾನಗಳಿಗೆ ಅವಕಾಶ ಕೊಟ್ಟಿದೆ. ಆದರೆ ಅಂಗಾಂಶದ ಒಂದು ಚೂರು ಇಡೀ ದೇಹವಲ್ಲ. ಜನರ ಮೇಲಿನ ಪರೀಕ್ಷೆ ಇನ್ನೂ ಬೇಕೇ ಬೇಕು.

ನಿಮಗೇಕೆ ಇದು ಮುಖ್ಯ?

ಪ್ರತಿ ಚಿಪ್‌ನ ಹಿಂದೆ ಒಬ್ಬ ಮನುಷ್ಯರಿದ್ದಾರೆ. ನಂಜನಗೂಡು ಅಥವಾ ತಿ. ನರಸೀಪುರದಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಬಂದವರೂ ಅಂಥ ದಾನಿಯಾಗಬಹುದು. ಸಂಶೋಧನೆಗೆ ಮಾದರಿ ಕೊಡುವವರ ಒಪ್ಪಿಗೆ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಮೂಲ ನಿಯಮ. ಕೆಲವು ಸಂದರ್ಭಗಳಲ್ಲಿ ಮಾತ್ರ ನೈತಿಕ ಸಮಿತಿ ವಿನಾಯಿತಿ ಕೊಡಬಹುದು. ಆದ್ದರಿಂದ ಬಯಾಪ್ಸಿಗೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿ: ಉಳಿದ ಚೂರು ಏನಾಗುತ್ತದೆ? ಸಂಶೋಧನೆಗೆ ಬೇಡ ಎಂದರೆ ನನ್ನ ಚಿಕಿತ್ಸೆಗೆ ತೊಂದರೆಯಿದೆಯೇ? ಎರಡನೆಯದಕ್ಕೆ ಉತ್ತರ ಇಲ್ಲ ಎಂದೇ ಇರಬೇಕು.

ಹೆನ್ರಿಯೆಟಾ ಅವರನ್ನು ಕೇಳಿದ್ದರೆ ಅವರು ಒಪ್ಪುತ್ತಿದ್ದರೇನೋ. ಆ ಅವಕಾಶವೇ ಅವರಿಗೆ ಸಿಗಲಿಲ್ಲ.