ಮೂರೆಳೆಯ ಹಗ್ಗ ಕಂಡ ವಿಜ್ಞಾನಿ: ಜಿ. ಎನ್. ರಾಮಚಂದ್ರನ್

ನಮ್ಮ ದೇಶದಲ್ಲಿ ಅನೇಕ ದೊಡ್ಡ ವಿಜ್ಞಾನಿಗಳು ಆಗಿ ಹೋಗಿದ್ದಾರೆ. ಸರ್ ಸಿ. ವಿ. ರಾಮನ್ ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಶಿಷ್ಯರಾದ ಜಿ. ಎನ್. ರಾಮಚಂದ್ರನ್ ಅವರ ಬಗ್ಗೆ ನಾನು ಬರೆಯುತ್ತೇನೆ.

ಇವರು 1922ರ ಅಕ್ಟೋಬರ್ 8ರಂದು ಕೇರಳದ ಎರ್ನಾಕುಲಂನಲ್ಲಿ ಜನಿಸಿದರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದು ವಿದ್ಯುತ್ ಇಂಜಿನಿಯರಿಂಗ್ ಕಲಿಯಲಿಕ್ಕೆ. ಆದರೆ ಮನಸ್ಸು ಭೌತಶಾಸ್ತ್ರದ ಕಡೆ ಇತ್ತು. ರಾಮನ್ ಅವರು ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. 1952ರಲ್ಲಿ ಇವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಬ್ಯಾಳಿ, ಹಾಲು, ತತ್ತಿಯಲ್ಲಿ ಪ್ರೋಟೀನ್ ಇರುತ್ತದೆ ಅಂತ ನಾವು ಓದಿದ್ದೇವೆ. ನಮ್ಮ ಚರ್ಮ, ಎಲುಬಿನಲ್ಲೂ ಪ್ರೋಟೀನ್ ಐತಿ. ಅದರ ಹೆಸರು ಕೊಲಾಜೆನ್. ಪ್ರೋಟೀನ್ ಅಂದರೆ ಅಮೈನೋ ಆಮ್ಲ ಎಂಬ ಮಣಿಗಳ ಸರ. ಸರ ಹೆಂಗ ಮಡಚಿಕೊಂಡಿದೆಯೋ ಅದರ ಮೇಲೆ ಅದರ ಕೆಲಸ ನಿಂತಿದೆ. 1954ರಲ್ಲಿ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅವರು ಎಕ್ಸ್‌ರೇ ಚಿತ್ರಗಳನ್ನು ನೋಡಿ ಕೊಲಾಜೆನ್ನಿನ ಗುಟ್ಟು ಹೇಳಿದರು. ನಾವು ಮೂರು ಎಳೆ ಕೂಡಿಸಿ ಹಗ್ಗ ಹೊಸಿತೀವಲ್ಲ, ಹಂಗ ಅದರಲ್ಲಿ ಮೂರು ಸರ ಸುತ್ತಿಕೊಂಡಿವೆ. ಪ್ರತಿ ಮೂರನೇ ಮಣಿ ಗ್ಲೈಸಿನ್. ಅದು ಎಲ್ಲಕ್ಕಿಂತ ಸಣ್ಣದು. ಆದ್ದರಿಂದ ಎಳೆಗಳು ಒತ್ತಾಗಿ ಕೂಡುತ್ತವೆ. ತೊಗಲಿನ ಮಿಣಿ ಭಾಳ ಗಟ್ಟಿ ಇರೋದು ಈ ಕೊಲಾಜೆನ್ನಿನಿಂದ.

ಆದರೆ ಇಂಗ್ಲೆಂಡಿನಲ್ಲಿದ್ದ ಕ್ರಿಕ್ ಮತ್ತು ರಿಚ್ ಎಂಬ ವಿಜ್ಞಾನಿಗಳು ತಪ್ಪು ತೆಗೆದರು. ಕೆಲವು ಪರಮಾಣುಗಳು ಅಷ್ಟು ಹತ್ತಿರ ಇರಲಿಕ್ಕೆ ಆಗೋದಿಲ್ಲ ಎಂದರು. ಲೆಕ್ಕ ತಿದ್ದಬೇಕಾಯಿತು, ಮೂರೆಳೆ ಮಾತ್ರ ನಿಂತಿತು. ರಾಮಚಂದ್ರನ್ ಅಷ್ಟಕ್ಕೇ ಸುಮ್ಮನೆ ಕೂಡಲಿಲ್ಲ. ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಅಂತ ಅಳತೆಗಳನ್ನೆಲ್ಲ ಕೂಡಿಸಿದರು. ನಮ್ಮ ಮೊಣಕೈ ಹಿಂದಕ್ಕೆ ಮಡಚೋದಿಲ್ಲ. ಹಂಗೇ ಪ್ರೋಟೀನ್ ಸರವೂ ಬೇಕಾದಂಗ ತಿರುಗೋದಿಲ್ಲ. ಅದು ಹೆಂಗ ತಿರುಗಬಹುದು, ಹೆಂಗ ತಿರುಗಲಾರದು ಎಂಬ ನಕ್ಷೆಯನ್ನು ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರ ಜೊತೆ ಸೇರಿ 1963ರಲ್ಲಿ ಪ್ರಕಟಿಸಿದರು. ಅದೇ ರಾಮಚಂದ್ರನ್ ನಕ್ಷೆ.

ಮುಂದೆ ಬೆಂಗಳೂರಿಗೆ ಮರಳಿ ಅಲ್ಲಿ ಅಣು ಜೀವಭೌತಶಾಸ್ತ್ರ ವಿಭಾಗ ಕಟ್ಟಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ನೊಬೆಲ್ ಪ್ರಶಸ್ತಿ ಮಾತ್ರ ಸಿಗಲಿಲ್ಲ. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು.

ಈಗ ಕಂಪ್ಯೂಟರ್ ಪ್ರೋಟೀನಿನ ಆಕಾರ ಹೇಳುತ್ತದೆ. ಆ ಕೆಲಸಕ್ಕೆ 2024ರಲ್ಲಿ ನೊಬೆಲ್ ಬಂತು. ಆದರೂ ಹೊಸ ಆಕಾರ ಸರಿ ಐತೋ ಇಲ್ಲೋ ಅಂತ ಇಂದಿಗೂ ರಾಮಚಂದ್ರನ್ ನಕ್ಷೆಗೆ ಹಚ್ಚಿ ನೋಡುತ್ತಾರೆ.

ಗೆಳೆಯರೇ, ನಮ್ಮ ಉತ್ತರ ತಪ್ಪು ಅಂತ ಯಾರಾದರೂ ಅಂದರೆ ವಹಿ ಮುಚ್ಚಿಡಬಾರದು. ಮತ್ತೊಮ್ಮೆ ಅಳೆದು ನೋಡಬೇಕು. ಇವರ ಜೀವನದಿಂದ ನಾನು ತಿಳಿದಿದ್ದು ಇದೇ.